ಮಹಾನಗರದಲ್ಲಿ ಹಳ್ಳಿಯ ಹಾಡು

ಹಳ್ಳಿಯ ಹಾಡಿಗೆ ಹಳ್ಳಿಯೇ ನೆಲೆ, ಮಹಾನಗರದ ಗದ್ದಲದಲ್ಲಿ ಅದಕ್ಕೆ ಕಿವಿಗೊಡುವವರಾರು ಎಂಬ ಅಭಿಪ್ರಾಯವು ಲೋಕದಲ್ಲಿ ರೂಢವಾಗಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 'ಕಂಟ್ರಿ' ಎಂದು ಕರೆಯಿಸಿಕೊಳ್ಳುವ ಗ್ರಾಮೀಣ ಸಂಗೀತದ ರೇಡಿಯೋ ಚರಿತ್ರೆಯು ಈ ಅಭಿಪ್ರಾಯವನ್ನು ಒರೆಗೆ ಹಚ್ಚಿ ನೋಡಲು ತಕ್ಕ ನಿದರ್ಶನವಾಗಿದೆ.

ಈ ಸಂಗೀತದ ರಾಜಧಾನಿ ನ್ಯಾಶ್‌ವಿಲ್ ಪಟ್ಟಣವೆಂಬುದು ಪ್ರಸಿದ್ಧವಾದ ಮಾತು. ಆದರೆ ಅದಕ್ಕೂ ಮೊದಲು, 1924ನೆಯ ಏಪ್ರಿಲ್ ತಿಂಗಳಲ್ಲಿಯೇ, ಚಿಕಾಗೋ ಮಹಾನಗರದ ಡಬ್ಲ್ಯು.ಎಲ್.ಎಸ್. ನಿಲಯವು ಶನಿವಾರದ ರಾತ್ರಿಗಳಲ್ಲಿ 'ಬಾರ್ನ್ ಡಾನ್ಸ್' ಎಂಬ ಪಿಟೀಲು ಹಾಡುಗಳ ಕಾರ್ಯಕ್ರಮವನ್ನು ಆರಂಭಿಸಿತು. ನಿಲಯದ ಒಡೆತನವು ರೈತರಿಗೆ ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿಯದು. 'ಜಗತ್ತಿನ ಅತಿ ದೊಡ್ಡ ಅಂಗಡಿ' ಎಂಬುದೇ ಆ ಮೂರು ಅಕ್ಷರಗಳ ಅರ್ಥ. ಅಲ್ಲಿ ಉದ್ಘೋಷಕನಾಗಿದ್ದ ಜಾರ್ಜ್ ಹೇ ಎಂಬಾತನು 1925ರಲ್ಲಿ ನ್ಯಾಶ್‌ವಿಲ್ಲಿಗೆ ಹೋಗಿ ಅದೇ ಮಾದರಿಯ ಕಾರ್ಯಕ್ರಮವನ್ನು ತೊಡಗಿದನು. ಮುಂದೆ ಅದೇ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಹೆಸರಾಯಿತು. ಹೀಗೆ ಈ ವಿಷಯದಲ್ಲಿ ಮಹಾನಗರವೇ ಸಣ್ಣ ಪಟ್ಟಣಕ್ಕೆ ದಾರಿ ತೋರಿಸಿತು.

ಚಿಕಾಗೋ ನಿಲಯದ ದೃಷ್ಟಿಯಿದ್ದುದು ಸುತ್ತಲಿನ ಹೊಲಮನೆಗಳ ಮೇಲಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ದಿಟವೇ, 1928ರಲ್ಲಿ ನಿಲಯವನ್ನು ಕೊಂಡುದೂ ರೈತರ ಪತ್ರಿಕೆಯೊಂದೇ. ಆದರೂ 1932ರಿಂದ ನಗರದ ನಾಟಕಶಾಲೆಯೊಂದರಲ್ಲಿ ಜನರು ಟಿಕೀಟು ಕೊಂಡು ಈ ಕಾರ್ಯಕ್ರಮವನ್ನು ಪ್ರತ್ಯಕ್ಷ ನೋಡುತ್ತಿದ್ದರು. ಆ ನಿಲಯವು 1960ರಲ್ಲಿ ರಾಕ್ ಸಂಗೀತಕ್ಕೆ ತಿರುಗಿತು.

ನಿಜವಾದ ಪರೀಕ್ಷೆ ನಡೆದುದು ನ್ಯೂಯಾರ್ಕಿನಲ್ಲಿ. ನಾನಾ ದೇಶಗಳಿಂದ ಬಂದು ನೆಲಸಿದವರ ಆ ನಗರದಲ್ಲಿ, 1973ರಲ್ಲಿ, ಡಬ್ಲ್ಯು.ಎಚ್.ಎನ್. ನಿಲಯವು ಕಂಟ್ರಿ ಸಂಗೀತವನ್ನು ಕೈಗೊಂಡು 14 ವರ್ಷ ನಡೆಸಿತು. ಅಷ್ಟರಲ್ಲಿ ಸಂಗೀತದ ಕೇಳುಗರು ನಿರ್ಮಲ ನಾದದ ಎಫ್.ಎಂ. ಅಲೆಗಳಿಗೆ ಸರಿಯುತ್ತಿದ್ದರು. ಆ ಹಳೆಯ ಎ.ಎಂ. ನಿಲಯವು 1987ರ ಜುಲೈ ತಿಂಗಳಲ್ಲಿ ಕ್ರೀಡಾವಾರ್ತೆಗೆ ಮೀಸಲಾಯಿತು. ಅದೇ ವರ್ಷ ಎಫ್.ಎಂ. ನಿಲಯವೊಂದು ಕಂಟ್ರಿ ಸಂಗೀತವನ್ನು ವಹಿಸಿಕೊಂಡು 1996ರವರೆಗೆ ನಡೆಸಿತು. ಅನಂತರ ಅದರ ಅಲೆಯು ನೃತ್ಯಸಂಗೀತದ ಪಾಲಾಯಿತು. ಆ ಹೊಸ ನಿಲಯವು ಕೆಲವೇ ತಿಂಗಳಲ್ಲಿ ನಗರದ ಅಗ್ರಸ್ಥಾನಕ್ಕೇರಿತು. ಮರಳಿ 2013ರಲ್ಲಿ ಇನ್ನೊಂದು ಕಂಟ್ರಿ ನಿಲಯವು ಹುಟ್ಟಿ 2021ರಲ್ಲಿ ನಿಂತುಹೋಯಿತು.

ಈ ಚರಿತ್ರೆಯಿಂದ ತಿಳಿಯುವುದೇನು? 1973ರಿಂದ ಹೆಚ್ಚುಕಡಿಮೆ ಎಡೆಬಿಡದೆ 23 ವರ್ಷ ನಡೆದುದನ್ನು ಸೋಲೆನ್ನುವುದು ಅನ್ಯಾಯ. ಕೇಳುವವರು ಇಲ್ಲದಿರಲಿಲ್ಲ. ಆದರೆ ಮಹಾನಗರದಲ್ಲಿ ಅಲೆಗಳು ಎಣಿಕೆಯವು. ಅವುಗಳ ಬೆಲೆಯಾದರೋ ಅಪಾರ. ಸಣ್ಣ ಊರಿನಲ್ಲಿ ನಿಲಯವೊಂದನ್ನು ಸುಖವಾಗಿ ಸಾಕಬಲ್ಲಷ್ಟು ಕೇಳುಗರು ಅಲ್ಲಿ ಸಾಲದಾಗುವರು. ಅದೇ ಅಲೆಯಿಂದ ಹೆಚ್ಚು ಜನರನ್ನು ಸೆಳೆಯುವ ಮತ್ತೊಂದು ಸಂಗೀತವು ಬಾಗಿಲಲ್ಲಿ ಕಾದು ನಿಂತಿರುವುದು. ಹಳ್ಳಿಯ ಹಾಡನ್ನು ನಗರದಿಂದ ಹೊರದೂಡಿದುದು ನಗರದ ಕಿವಿಯಲ್ಲ, ಒಡೆಯನ ಲೆಕ್ಕದ ಪುಸ್ತಕ. ಈ ಭೇದವನ್ನು ಮರೆತು, ನಗರದವರಿಗೆ ಆ ರುಚಿಯೇ ಇಲ್ಲವೆಂದು ತೀರ್ಪು ಕೊಡುವುದು ಉಚಿತವಲ್ಲ.