ತುಪ್ಪಳ ಬಂತು, ಮಾತು ಬರಲಿಲ್ಲ

‘ಮಹಾವತಾರ ನರಸಿಂಹ’ ಎಂಬ ಅನಿಮೇಶನ್ ಚಿತ್ರ 2025ರ ಜುಲೈಯಲ್ಲಿ ಬಿಡುಗಡೆಯಾಗಿ ದುಡ್ಡು ಬಾಚಿದ್ದೇ ತಡ, ಅನಿಮೇಶನ್ ಬಗ್ಗೆ ಬರೆಯುವವರಿಗೆ ಎರಡು ಮಾತು ಸಲೀಸಾಗಿ ಬರತೊಡಗಿವೆ. ಈ ಕಲೆ ಭಾರತದಲ್ಲಿ ಈಗಷ್ಟೇ ಕಣ್ಣು ಬಿಟ್ಟಿತು ಎಂಬುದು ಒಂದು. ಪಂಚತಂತ್ರದ ನೆಲಕ್ಕೆ ಮಾತಾಡುವ ಪ್ರಾಣಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹಿಂದಿನದನ್ನೆಲ್ಲ ಅಳಿಸುತ್ತದೆ, ಎರಡನೆಯದು ಹಿಂದಿನದನ್ನೇ ತೋರಿಸಿ ಕೈ ತೊಳೆದುಕೊಳ್ಳುತ್ತದೆ. ಆ ಸಿನಿಮಾದಲ್ಲಿ ಸಿಂಹದ ತಲೆಯೇನೋ ಇದೆ, ನಗು ಇಲ್ಲ. ಅದು ಅದರ ಕೆಲಸವೂ ಅಲ್ಲ. ಮನೆಮಂದಿ ಒಟ್ಟಿಗೆ ಕೂತು ನಗುವ, ಕಂಪ್ಯೂಟರಿನಲ್ಲಿ ಹುಟ್ಟಿದ ಪ್ರಾಣಿಯೇ ನಾಯಕನಾಗಿರುವ ಚಿತ್ರಗಳದ್ದು ಬೇರೆಯೇ ದಾರಿ. ಅದನ್ನು ಮುಂಬೈ, ಬೆಂಗಳೂರುಗಳ ಸ್ಟುಡಿಯೋ ಕಡೆಯಿಂದ ಹೇಳುವುದು ರೂಢಿ. ಕನ್ನಡ ಮರಾಠಿ ಎರಡೂ ಒಂದೇ ಸಂತೆಯಲ್ಲಿ ಕೇಳುವ ಸಾಂಗ್ಲಿ, ಮಿರಜಗಳ ಕಡೆಯಿಂದ ಹೇಳಿದರೆ ನಮಗೆ ಕಡಿಮೆ ಬಿದ್ದದ್ದು ತಂತ್ರಜ್ಞಾನವಲ್ಲ ಎಂಬುದು ಬೇಗ ತಿಳಿಯುತ್ತದೆ.

ಈ ಸೀಮೆಯ ಆಟ-ರಂಜನೆಯ ಆರಂಭದ ಘಟ್ಟಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಉತ್ತರ ಕನ್ನಡದ ಕರ್ಕಿಯಿಂದ ಬಂದ ಭಾಗವತರ ಮೇಳ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅದನ್ನು ಕಂಡೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದರು. ಮರಾಠಿ ರಂಗಭೂಮಿ ತನ್ನ ವಯಸ್ಸು ಎಣಿಸುವುದು ಆ ಪ್ರಯೋಗದಿಂದ. ಬಯಲಾಟದ ಕುಣಿತ, ಕೂಗಾಟ ಅರಮನೆಗೆ ಒರಟೆನಿಸಿತ್ತಂತೆ. ಆದರೂ ಭಾವೆಯವರ ಮಾದರಿಯ ಆಟಗಳಲ್ಲಿ ರಾಕ್ಷಸರು ‘ಅಲಲಡುರ್ರ್’ ಎಂದು ಅಬ್ಬರಿಸುತ್ತಲೇ ಇದ್ದರು, ಮುಂದಿನ ತಲೆಮಾರು ಆ ನಾಟಕಗಳನ್ನು ಅದೇ ಹೆಸರಿನಿಂದ ಗೇಲಿ ಮಾಡಿತು. ಭಾವೆ ಮಾಡಿದ್ದ ಮರದ ಗೊಂಬೆಗಳಿಗೆ ಮುಂದೆ ಗೊಂಬೆಯಾಟದ ರಾಮದಾಸ ಪಾಧ್ಯೆ ಮತ್ತೆ ಜೀವ ಕೊಟ್ಟರು. ಪ್ರಾಣಿಯ ವಿಷಯಕ್ಕೆ ಇನ್ನೂ ಹತ್ತಿರದ್ದು ಸರ್ಕಸ್. ಸಾಂಗ್ಲಿ ಜಿಲ್ಲೆಯ ಅಂಕಲಖೋಪದ ವಿಷ್ಣುಪಂತ ಛತ್ರೆ ಕುರುಂದವಾಡ ಸಂಸ್ಥಾನದ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದವರು, 1880ರಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಹೂಡಿದರು. ಮಿರಜ ತಾಲ್ಲೂಕಿನ ಮ್ಹೈಸಾಳದ ದೇವಲ್ ಸರ್ಕಸ್ ಕೂಡ ಇದೇ ಮಣ್ಣಿನದು. ಮೃಗ ತಪ್ಪು ಹೆಜ್ಜೆ ಇಟ್ಟಾಗ ಜನ ಭಯಪಡದೆ ನಗುವಂತೆ ಮಾಡುವ ವೇಳೆಯ ಹದ ಈ ಡೇರೆಗಳಲ್ಲಿ ಪಳಗಿತು. ಕೇಂದ್ರ ಸರ್ಕಾರದ 1998ರ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕಿಳಿಸುವುದನ್ನು ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ಅದೇ ವರ್ಷ ಸಿನಿಮಾದಲ್ಲಿ ಪ್ರಾಣಿ ಬಳಸಲು ನೋಂದಣಿಯ ನಿಯಮಗಳೂ ಬಂದವು. ಆಗಬೇಕಾದದ್ದೇ ಆಯಿತು. ಆದರೆ ಮೃಗದ ಜತೆಗೆ ಆ ಹದವೂ ಡೇರೆಯಿಂದ ಹೊರಟುಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಚಿತ್ರ ಬರೆದು ಕುಣಿಸುವ ಕೆಲಸವೂ ಈ ಸೀಮೆಗೆ ದೂರದ್ದಲ್ಲ. ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋದ ಪ್ರಭಾತ್ ಕಂಪನಿ ಮರುವರ್ಷವೇ ‘ಜಂಬೂಕಾಕಾ’ ಎಂಬ ನರಿಯ ಕಿರುಚಿತ್ರ ತೆಗೆಯಿತು. ನಾಯಕ ಪ್ರಾಣಿ, ರಸ ಹಾಸ್ಯ, ನೋಡುವವರು ಇಡೀ ಸಂಸಾರ: ಮೂರೂ ಅಲ್ಲೇ ಇದ್ದವು. ಆ ಎಳೆ ಮುಂದುವರಿಯಲಿಲ್ಲ. ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ಘಟಕ 1957ರಲ್ಲಿ ಜಾತಕಕಥೆಯ ಜಿಂಕೆಯನ್ನು ತಂದಿತು. ಅನಿಮೇಟರ್ ಭೀಮಸೇನ್ 1974ರಲ್ಲಿ ‘ಏಕ್ ಅನೇಕ್ ಔರ್ ಏಕ್ತಾ’ದಲ್ಲಿ ಹಕ್ಕಿಗಳನ್ನು ಹಾರಿಸಿದರು. ಚೆಲುವಾದ ಕೆಲಸ, ಆದರೆ ಪ್ರಾಣಿ ಮೇಷ್ಟರಾಯಿತು. 2005ರ ‘ಹನುಮಾನ್’ ಅದನ್ನು ದೇವರ ಪೀಠದಲ್ಲಿ ಕೂರಿಸಿತು. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಕನ್ನಡಕ್ಕೆ ತಂದ ಪಂಚತಂತ್ರದ ನರಿಗಳು ಆಸ್ಥಾನದ ಕುತಂತ್ರಿಗಳಂತೆ ನಾಲಿಗೆ ಆಡಿಸುತ್ತವೆ, ನಗು ಅಲ್ಲಿಂದ ಬರುತ್ತದೆ. ನಮ್ಮ ಅನಿಮೇಶನ್ ಅವುಗಳಿಂದ ನೀತಿಯನ್ನು ಎತ್ತಿಕೊಂಡು ನಾಲಿಗೆಯನ್ನು ಬಿಟ್ಟಿತು.

ನಿಜವಾದ ತಿರುವು ಬಂದದ್ದು ಕಂಪ್ಯೂಟರಿನ ಮುಂದೆ ಕೂತು ಕೆಲಸ ಕಲಿತ ತಲೆಮಾರಿನೊಂದಿಗೆ. ಆ ತಲೆಮಾರಿನ ಪಠ್ಯಗಳಲ್ಲಿ ಮೊದಲನೆಯದು 1995ರ ‘ಬೇಬ್’. ಅದರಲ್ಲಿ ಹಂದಿಮರಿ ನಿಜವಾದದ್ದು, ಬಾಯಿ ಮಾತ್ರ ಕಂಪ್ಯೂಟರಿನದು. 1999ರ ‘ಸ್ಟುವರ್ಟ್ ಲಿಟಲ್’ನಲ್ಲಿ ಇಡೀ ಇಲಿಯೇ ಕಂಪ್ಯೂಟರಿನದು. 2004ರ ‘ಗಾರ್ಫೀಲ್ಡ್’ ಇನ್ನೊಂದು ಬಗೆ: ಬೆಕ್ಕೊಂದೇ ಕೃತಕ, ಜತೆಗಿರುವ ನಾಯಿ ನಿಜವಾದದ್ದು, ನಟ ಎದುರಿಗೆ ಬೆಕ್ಕಿಲ್ಲದೆಯೇ ಬೆಕ್ಕಿನೊಡನೆ ಜಗಳವಾಡಬೇಕು. ಸಿನಿಮಾ ಸಾಧಾರಣ, ಅದನ್ನು ಮುಚ್ಚಿಡುವುದೇನಿಲ್ಲ. ಆದರೂ ಅದರಿಂದ ಕಲಿಯುವುದಿತ್ತು. ಆ ಬೆಕ್ಕಿನ ತುಪ್ಪಳದ ಒಂದೊಂದು ಎಳೆಗೆ ನೆರಳು ಕೊಡಲು ಪಟ್ಟ ಪಾಡು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಉಳಿದದ್ದು ಬಿಲ್ ಮರ್ರಿಯ ಆಕಳಿಸುವ ದನಿ. ಬೆಕ್ಕನ್ನು ರೂಪಿಸಿದ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ಮುಂಬೈಯಲ್ಲೂ ಸ್ಟುಡಿಯೋ ಇತ್ತು. ನಮ್ಮ ಅನೇಕ ಹುಡುಗರು ಅಲ್ಲಿ ಎಲುಬಿನ ಹಂದರ ಕಟ್ಟಲು, ಸ್ನಾಯು ಹೊದಿಸಲು, ರೋಮ ನೆಡಲು ಕಲಿತರು. ‘ಲೈಫ್ ಆಫ್ ಪೈ’ಯ ಹುಲಿಗೆ ಆಸ್ಕರ್ ಸಿಗುವುದಕ್ಕೆ ಕೆಲವೇ ದಿನ ಮೊದಲು, 2013ರ ಫೆಬ್ರವರಿಯಲ್ಲಿ, ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆ ದಿವಾಳಿಗೂ ಮೊದಲೇ ನಮ್ಮವರ ದಾರಿ ಎರಡು ಕವಲಾಗಿತ್ತು. 2008ರ ದೀಪಾವಳಿಗೆ ಬಂದ ‘ರೋಡ್‌ಸೈಡ್ ರೋಮಿಯೋ’ವನ್ನು ಯಶ್ ರಾಜ್ ಮತ್ತು ಡಿಸ್ನಿ ಸೇರಿ ನಿರ್ಮಿಸಿದವು, ಕಂಪ್ಯೂಟರ್ ಕೆಲಸ ಟಾಟಾ ಎಲ್ಕ್ಸಿಯದು. ಬೀದಿಪಾಲಾದ ಶ್ರೀಮಂತರ ನಾಯಿ ಅದರ ನಾಯಕ. ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಆ ನಾಯಿ ಸೈಫ್ ಅಲಿ ಖಾನರ ಹಾಗೆ ಮಾತಾಡಿತು, ಹಿಂದಿ ಸಿನಿಮಾದ ಹೀರೋ ಹಾಗೆ ಕುಣಿಯಿತು. ಬಾಲವೊಂದು ಇರದಿದ್ದರೆ ಅದು ನಾಯಿ ಎಂದು ಹೇಳುವಂತಿರಲಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು 2012ರ ‘ಈಗ’. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಮೌಳಿ ನೊಣವನ್ನು ನಾಯಕನಾಗಿಸಿದರು, ಖಳನಾಗಿ ನಮ್ಮ ಸುದೀಪ್. ನೊಣಕ್ಕೆ ರೆಪ್ಪೆಯಿಲ್ಲ, ಮುಗುಳ್ನಗುವುದಕ್ಕೆ ತುಟಿಯಿಲ್ಲ, ಸಂಭಾಷಣೆಯೂ ಇಲ್ಲ. ಕತ್ತು ಓರೆ ಮಾಡುವುದು, ಮುಂಗಾಲು ಉಜ್ಜುವುದು, ಹಾರಾಟ ಥಟ್ಟನೆ ನಿಲ್ಲಿಸುವುದು, ಇಷ್ಟರಲ್ಲೇ ಸಿಟ್ಟು, ಕೀಟಲೆ, ಪ್ರೀತಿ ಎಲ್ಲ ಹೇಳಬೇಕು. ರಾತ್ರಿ ಖಳ ಮಲಗಿದಾಗ ಕಿವಿಯ ಬಳಿ ಗುಂಯ್ ಎನ್ನುತ್ತದೆ, ಅವನು ಎದ್ದರೆ ಸುಮ್ಮನಾಗುತ್ತದೆ, ಮಲಗಿದರೆ ಮತ್ತೆ ಗುಂಯ್. ಸುದೀಪ್ ಬರಿ ಗಾಳಿಯ ಕಡೆ ನೋಡಿ ಅಭಿನಯಿಸಿದ್ದಾರೆ, ನೊಣ ಆಮೇಲೆ ಬಂದು ಸೇರಿಕೊಂಡದ್ದು. ಆದರೂ ಏಟು ತಪ್ಪುವ ಕ್ಷಣ ಒಂದು ಚೂರೂ ಆಚೀಚೆ ಆಗಿಲ್ಲ. ಛತ್ರೆಯವರ ಡೇರೆಯ ಹದ ನೂರಮೂವತ್ತು ವರ್ಷದ ಮೇಲೆ ಇಲ್ಲಿ ಮತ್ತೆ ಕೈಗೆ ಸಿಕ್ಕಿತು ಎಂದರೆ ಉತ್ಪ್ರೇಕ್ಷೆಯಲ್ಲ. ರೋಮವೇ ಕಾಣದ ಪ್ರಾಣಿಯನ್ನು ಆರಿಸಿಕೊಂಡದ್ದು ಖರ್ಚಿನ ದೃಷ್ಟಿಯಿಂದಲೂ ಜಾಣತನ. ಈ ಕ್ಷೇತ್ರದಲ್ಲಿ ನಮ್ಮವರು ಮಾಡಿದ ಅತ್ಯುತ್ತಮ ಕೆಲಸ ಇದೇ.

ಆ ನೊಣ ತೆಲುಗು, ತಮಿಳಿನಲ್ಲಿ ಹಾರಿತು, ಹಿಂದಿಯಲ್ಲಿ ‘ಮಕ್ಖೀ’ ಆಯಿತು. ಕನ್ನಡಕ್ಕೆ ಬರಲಿಲ್ಲ, ಕಾರಣ ಆಗ ಡಬ್ಬಿಂಗ್ ವಿರೋಧದ ಗೋಡೆ ಇತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ಗೋಡೆಯನ್ನು ಸಡಿಲಿಸಿತು, 2017ರಲ್ಲಿ ‘ಸತ್ಯದೇವ್ ಐಪಿಎಸ್’ ಕನ್ನಡಕ್ಕೆ ಡಬ್ ಆಗಿ ಬಂತು. ಅದಕ್ಕೂ ಮೊದಲೇ, 2009ರಲ್ಲಿ, ಮಕ್ಕಳ ವಾಹಿನಿ ಚಿಂಟು ಟಿವಿ ವಿದೇಶಿ ಕಾರ್ಟೂನುಗಳಿಗೆ ಕನ್ನಡ ಕಲಿಸಿತ್ತು ಎಂಬುದನ್ನು ನಮ್ಮ ವಿಮರ್ಶಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಡೆ ಸಡಿಲಾದ ಮೇಲಾದರೂ ಏನಾಯಿತು? 2016ರ ‘ಜಂಗಲ್ ಬುಕ್’ನ ಕರಡಿ, ಹುಲಿಗಳಿಗೂ 2019ರ ‘ಲಯನ್ ಕಿಂಗ್’ನ ಸಿಂಹಗಳಿಗೂ ಎಂಪಿಸಿ ಕಂಪನಿಯ ಬೆಂಗಳೂರು ಶಾಖೆಯಲ್ಲಿ ಬಹಳಷ್ಟು ಕೆಲಸ ನಡೆಯಿತು. ಎರಡೂ ಹಿಂದಿ, ತಮಿಳು, ತೆಲುಗಿನಲ್ಲಿ ತೆರೆಗೆ ಬಂದವು. ಬೆಂಗಳೂರಿನಲ್ಲಿ ಮೈ ಪಡೆದ ಸಿಂಹಕ್ಕೆ ಬೆಂಗಳೂರಿನ ಭಾಷೆ ಬರಲಿಲ್ಲ. ಇದಕ್ಕಿಂತ ವಿಚಿತ್ರ 2020ರ ‘ಪುಣ್ಯಕೋಟಿ’. ಗೋವಿನ ಹಾಡಿನ ಹಸುವನ್ನು ನಾಯಕಿ ಮಾಡಿ ಬೆಂಗಳೂರಿನ ರವಿಶಂಕರ್ ಶ್ರಮಪಟ್ಟು ಅನಿಮೇಶನ್ ಚಿತ್ರ ತೆಗೆದರು. ಆ ಹಸು ಮಾತಾಡಿದ್ದು ಸಂಸ್ಕೃತದಲ್ಲಿ. ನಿರ್ದೇಶಕರ ಉದ್ದೇಶ ಬೇರೆ, ಅದನ್ನು ಗೌರವಿಸೋಣ. ಕನ್ನಡದ ಕೊಟ್ಟಿಗೆ ಮಾತ್ರ ಖಾಲಿಯೇ ಉಳಿಯಿತು.

ಕಾಸರಗೋಡಿನ ಕಿರಣರಾಜ್ 2022ರಲ್ಲಿ ‘777 ಚಾರ್ಲಿ’ಯನ್ನು ನಿಜವಾದ ನಾಯಿಯೊಂದಿಗೇ ಗೆಲ್ಲಿಸಿದರಲ್ಲ, ಕೃತಕ ಪ್ರಾಣಿ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಚಾರ್ಲಿ ಅಳಿಸಿತು, ಚೆನ್ನಾಗಿಯೇ ಅಳಿಸಿತು. ನಿಜವಾದ ನಾಯಿಯ ಕಣ್ಣಿಗೆ ಆ ಶಕ್ತಿ ಇದೆ. ಎದುರುತ್ತರ ಕೊಡುವ, ಸುಳ್ಳು ಹೇಳಿ ಸಿಕ್ಕಿಬೀಳುವ, ಯಜಮಾನನನ್ನೇ ಆಡಿಕೊಳ್ಳುವ ಪ್ರಾಣಿಗೆ ಬೇರೆ ಮೈ ಬೇಕು. ಮಾರುಕಟ್ಟೆ ಸಣ್ಣದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ‘ಈಗ’ವೇ ಅರ್ಧ ಉತ್ತರ: ಸಣ್ಣ ಪ್ರಾಣಿ, ಒಂದೇ ಪ್ರಾಣಿ, ಸುತ್ತ ನಿಜವಾದ ಮನುಷ್ಯರು. ಇನ್ನರ್ಧ ಉತ್ತರ ಬರವಣಿಗೆಯಲ್ಲಿದೆ, ಅಲ್ಲಿ ದುಡ್ಡು ಹೆಚ್ಚು ಬೀಳುವುದಿಲ್ಲ. ಗಡಿಯ ಮಕ್ಕಳಿಗೆ ಮರಾಠಿ, ಹಿಂದಿ ಬರುತ್ತದೆ, ಕನ್ನಡದ ಬೆಕ್ಕು ಇಲ್ಲದಿದ್ದರೆ ಅವರಿಗೇನು ನಷ್ಟ ಎಂಬುದು ಮೂರನೆಯ ಆಕ್ಷೇಪ. ಜತ್ತ ತಾಲ್ಲೂಕಿನಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಅಲ್ಲಿನ ಹುಡುಗನಿಗೆ ಕಥೆ ಹಿಂದಿಯಲ್ಲೂ ತಿಳಿಯುತ್ತದೆ ನಿಜ, ಆದರೆ ಚೇಷ್ಟೆ ಚುಚ್ಚುವುದು ಮನೆಮಾತಿನಲ್ಲಿ. “ಯಾಕಪಾ ತಮ್ಮಾ, ಹಾಲ ತಂದಿಯೋ, ಬರೇ ಗಿಂಡಿ ತಂದಿಯೋ?” ಎಂದು ಬೆಕ್ಕು ಕೇಳಿದರೆ ಮಿರಜದ ಅಜ್ಜಿಯೂ ನಗುತ್ತಾಳೆ, ಮೊಮ್ಮಗನೂ ನಗುತ್ತಾನೆ. ಮರಾಠಿ ಬೆರೆತ ಈ ಕನ್ನಡವನ್ನು ಶುದ್ಧವಲ್ಲ ಎಂದು ಪಕ್ಕಕ್ಕಿಡುವವರು ಕಂಪನಿ ನಾಟಕದ ಹಾಸ್ಯಗಾರರು ಯಾವ ಮಾತಿನ ಮೇಲೆ ಅನ್ನ ಉಂಡರು ಎಂದು ನೋಡಲಿ.

2025ರ ಫೆಬ್ರವರಿಯಲ್ಲಿ ಎಂಪಿಸಿಯ ಮೂಲ ಕಂಪನಿ ಟೆಕ್ನಿಕಲರ್ ಮುಗ್ಗರಿಸಿತು, ಭಾರತದಲ್ಲಿ ಸಾವಿರಾರು ಮಂದಿ ಕೆಲಸ ಕಳಕೊಂಡರು, ಅವರಲ್ಲಿ ಬಹುಪಾಲು ಬೆಂಗಳೂರಿನವರು. 2012ರಲ್ಲೇ ಅನಿಮೇಶನ್‌ಗಾಗಿ ಪ್ರತ್ಯೇಕ ನೀತಿ ತಂದ ರಾಜ್ಯ ಕರ್ನಾಟಕ. ಅಂದಿನಿಂದ ಇಂದಿನವರೆಗೆ ಈ ಉದ್ಯಮದ ಮಾತೆಲ್ಲ ಹೊರಗಿನ ಗುತ್ತಿಗೆ, ತರಬೇತಿ, ಉದ್ಯೋಗಗಳ ಸುತ್ತಲೇ ನಡೆದಿದೆ. ಸಿಂಹದ ಕೇಸರ ಗಾಳಿಗೆ ಹೇಗೆ ಅಲುಗಬೇಕು ಎಂದು ಬಲ್ಲವರು ಈಗ ಕೈ ಖಾಲಿ ಮಾಡಿಕೊಂಡು ಕೂತಿದ್ದಾರೆ. ಆ ಸಿಂಹ ಯಾವ ಊರಿನ ಕನ್ನಡದಲ್ಲಿ ಗೊಣಗಬೇಕು ಎಂದು ಬಲ್ಲ ನಾಟಕಕಾರರು ಅಥಣಿ, ಜತ್ತ, ಮಿರಜಗಳ ಸುತ್ತ ಇದ್ದಾರೆ. ಇವರನ್ನು ಒಂದೇ ಮೇಜಿಗೆ ಕೂರಿಸುವ ಕೆಲಸಕ್ಕೆ ಯಾವ ನಿರ್ಮಾಪಕನೂ ಇನ್ನೂ ಕೈ ಹಾಕಿಲ್ಲ.