ಇಂಧನ, ಕುಲುಮೆ ಮತ್ತು ಹೊಗೆ: ಬೆಳಗಾವಿ–ಖಾನಾಪುರ ಪರಿಸರದ ಕೈಗಾರಿಕಾ ಚರಿತ್ರೆಯ ಒಂದು ಮುಖ

ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರಿಗೆ ಬಂಡವಾಳ, ಉತ್ಪಾದನೆ, ಕಾರ್ಮಿಕರ ಸಂಖ್ಯೆ ಮುಂತಾದವುಗಳ ದಾಖಲೆಗಳು ಒಂದಲ್ಲ ಒಂದು ಕಡೆ ದೊರೆಯುತ್ತವೆ. ಹೊಗೆಯ ವಿಷಯ ಹಾಗಲ್ಲ. ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1912ರಲ್ಲೇ ಹೊಗೆಯ ಉಪದ್ರವವನ್ನು ತಡೆಯುವ ಕಾಯ್ದೆ ಬಂದಿತ್ತಾದರೂ ಅದರ ಮುಖ್ಯ ಗಮನ ಮುಂಬಯಿ ನಗರದ ಗಿರಣಿಗಳ ಮೇಲಿತ್ತು. ದೇಶಕ್ಕೆಲ್ಲ ಅನ್ವಯಿಸುವ ವಾಯುಮಾಲಿನ್ಯ ಕಾಯ್ದೆ ರೂಪುಗೊಂಡದ್ದು 1981ರಲ್ಲಿ. ಆದುದರಿಂದ ಅದಕ್ಕೂ ಹಿಂದಿನ ಗಾಳಿಯ ಸ್ಥಿತಿಯನ್ನು ಆ ಊರು ಉರಿಸಿದ ಇಂಧನದ ಮೂಲಕವೇ ಊಹಿಸಬೇಕಾಗುತ್ತದೆ.

ಖಾನಾಪುರ ತಾಲೂಕಿನಲ್ಲಿ ಈ ಚರಿತ್ರೆ ಆರಂಭವಾಗುವುದು ಕಟ್ಟಿಗೆಯಿಂದ. ಒಳ್ಳೆಯ ಜೇಡಿಮಣ್ಣು, ಹತ್ತಿರದಲ್ಲೇ ಸಹ್ಯಾದ್ರಿಯ ಕಾಡು ಎರಡೂ ಒದಗಿದುದರಿಂದ ಮಡಕೆ, ಹಂಚು, ಇಟ್ಟಿಗೆಗಳ ಕಸುಬು ಇಲ್ಲಿ ಬೇರೂರಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಗೆ ಖಾನಾಪುರವನ್ನು ಆರಿಸಿದುದಕ್ಕೂ ಈ ಹಿನ್ನೆಲೆಯಿದೆ. ಕುಂಬಾರನ ಆವಿಗೆಯ ಹೊಗೆ ಕೆಲವು ಗಂಟೆಗಳದು. ಇಟ್ಟಿಗೆ ಭಟ್ಟಿಯಾದರೋ ದಿನಗಟ್ಟಲೆ ಕುದಿಯುತ್ತದೆ. ಅರೆಬೆಂದ ಇಂಧನದ ಮಸಿ ನೆಲಕ್ಕೆ ಹತ್ತಿರವಾಗಿಯೇ ಹರಡುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ನಿಕ್ಷೇಪವಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಲೋಂಡಾ, ಖಾನಾಪುರ, ಬೆಳಗಾವಿಗಳನ್ನು ಜೋಡಿಸಿದ ಮೇಲೆಯೇ ದೂರದ ಗಣಿಗಳ ಇದ್ದಲು ಈ ಸೀಮೆಗೆ ಸುಲಭವಾಗಿ ತಲುಪುವಂತಾಯಿತು. ಮುಂದೆ ಉದ್ಯಮಬಾಗ ಮೊದಲಾದ ಕಡೆ ಬೆಳೆದ ಎರಕದ ಕಾರ್ಖಾನೆಗಳಿಗೆ, ಅಂದರೆ ಜನರ ಮಾತಿನ ಫೌಂಡ್ರಿಗಳಿಗೆ, ಇದ್ದಲಿನ ಇನ್ನೊಂದು ರೂಪವಾದ ಕೋಕ್ ಆಧಾರವಾಯಿತು. ಗಾಳಿಯ ಸಂಪರ್ಕವಿಲ್ಲದೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಲನ್ನು ಕಾಯಿಸಿದಾಗ ಡಾಂಬರು, ಅನಿಲಗಳು ಬೇರ್ಪಟ್ಟು ಕೋಕ್ ಉಳಿಯುತ್ತದೆ. ಹೊಗೆಯ ಮೊದಲ ಪಾಲು ಹೀಗೆ ಝರಿಯಾ, ಧನಬಾದಗಳ ಜನರ ಪಾಲಿಗೆ ಬಂದಿತು. ಬೆಳಗಾವಿಗೆ ಬಂದುದು ಎರಡನೆಯ ಪಾಲು.

ಕುಪೋಲಾ ಎಂಬ ಎತ್ತರದ ಕುಲುಮೆಯಲ್ಲಿ ಕೋಕ್, ಬೀಡುಕಬ್ಬಿಣ, ಗುಜರಿ, ಸುಣ್ಣಕಲ್ಲುಗಳನ್ನು ಪದರಪದರವಾಗಿ ತುಂಬಿ ಕೆಳಗಿನಿಂದ ಗಾಳಿ ಊದುತ್ತಾರೆ. ದೂಳು, ಗಂಧಕದ ಡೈಆಕ್ಸೈಡ್ ಹಾಗೂ ಇಂಗಾಲದ ಮಾನಾಕ್ಸೈಡ್ ಮೇಲಿನಿಂದ ಹೊರಡುತ್ತವೆ. ನಮ್ಮ ದೇಶದ ಕೋಕ್‌ನಲ್ಲಿ ಬೂದಿ ಹೆಚ್ಚು. ಆ ಬೂದಿಯನ್ನು ಕರಗಿಸಲು ಮತ್ತಷ್ಟು ಸುಣ್ಣಕಲ್ಲು, ಮತ್ತಷ್ಟು ಕೋಕ್ ಬೇಕು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿಯ ನಿಯಮಗಳು ಗಂಟೆಗೆ 3 ಟನ್ನಿಗಿಂತ ಕಡಿಮೆ ಕರಗಿಸುವ ಕುಪೋಲಾಗಳಿಗೆ ಘನ ಮೀಟರಿಗೆ 450 ಮಿಲಿಗ್ರಾಂ ದೂಳನ್ನೂ ಅದಕ್ಕಿಂತ ದೊಡ್ಡವುಗಳಿಗೆ 150 ಮಿಲಿಗ್ರಾಂ ದೂಳನ್ನೂ ಮಿತಿಯಾಗಿ ಗೊತ್ತುಪಡಿಸಿದವು. ಚಿಮಣಿಯು ಕುಪೋಲಾದ ವ್ಯಾಸದ ಆರು ಪಟ್ಟು ಎತ್ತರವಿರಬೇಕೆಂದೂ ವಿಧಿಸಿದವು. ಸಣ್ಣ ಉದ್ಯಮಿಯ ಶಕ್ತಿಯನ್ನು ಮನ್ನಿಸಿದ ಈ ವಿನಾಯಿತಿ ಸಹಜವೇ. ಆದರೆ ಸಣ್ಣ ಕುಲುಮೆಗಳೇ ಒತ್ತಾಗಿ ಸೇರಿರುವ ಊರಿನಲ್ಲಿ ಅದರ ಅರ್ಥ ಬೇರೆ: ಒಂದೊಂದೂ ನಿಯಮದೊಳಗೇ ಇದ್ದು, ಒಟ್ಟು ಹೊರೆ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ಹೋಗಬಹುದು. ಈ ತೊಡಕು ಬೆಳಗಾವಿಯೊಂದರದೇ ಅಲ್ಲ. ಹೌರಾದ ಫೌಂಡ್ರಿಯೊಂದರಲ್ಲಿ 1998ರಲ್ಲಿ ಟೆರಿ ಸಂಸ್ಥೆಯು ಎರಡು ಸಾಲು ರಂಧ್ರಗಳಿಂದ ಗಾಳಿ ಊದುವ ಕುಪೋಲಾವನ್ನು ನಡೆಸಿ ತೋರಿಸಿತು; ಇಂಧನದ ಉಳಿತಾಯವೂ ದೂಳಿನ ನಿಯಂತ್ರಣವೂ ಒಟ್ಟಿಗೆ ಸಾಗಬಲ್ಲವೆಂಬುದು ಅದರಿಂದ ಸಿದ್ಧಪಟ್ಟಿತು.

ನಗರದ ಉತ್ತರಕ್ಕೆ ಯಮನಾಪುರದಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಅಂದರೆ ಇಂಡಾಲ್, ನೆಲೆಯೂರಿದುದು 1960ರ ದಶಕದ ಕೊನೆಗೆ. ಜಲವಿದ್ಯುತ್ತಿನ ಭರವಸೆಯ ಕಾಲವದು. ವಿದ್ಯುತ್ತಿನಿಂದ ಲೋಹ ತೆಗೆಯುವುದೆಂದರೆ ಹೊಗೆಯಿಲ್ಲದ ಉದ್ಯಮವೆಂಬ ಭಾವನೆ ಸಾಮಾನ್ಯ, ಅದು ಅರ್ಧಸತ್ಯ. ಸುಮಾರು 960 ಡಿಗ್ರಿಯ ದ್ರಾವಣದಲ್ಲಿ ಮುಳುಗಿರುವ ಇಂಗಾಲದ ವಿದ್ಯುದ್ವಾರಗಳು ಪೆಟ್ರೋಲಿಯಂ ಕೋಕನ್ನು ಕಲ್ಲಿದ್ದಲಿನ ಡಾಂಬರಿನಿಂದ ಬೆಸೆದು ಮಾಡಿದವು. ಅವು ಸವೆಯುವಾಗ ಇಂಗಾಲದ ಅನಿಲಗಳೂ ದ್ರಾವಣದಿಂದ ಫ್ಲೋರೈಡುಗಳೂ ಹೊರಬೀಳುತ್ತವೆ. ಮುಂದೆ ಲೋಹ ತೆಗೆಯುವ ವಿಭಾಗ ಮುಚ್ಚಿತು. ಹಿಂಡಾಲ್ಕೊ ಒಡೆತನದಲ್ಲಿ ಅಲ್ಯೂಮಿನಾ ತಯಾರಿಕೆ ಮುಂದುವರಿಯಿತು.

ಫೌಂಡ್ರಿಗಳಲ್ಲಿಯೂ ಕುಪೋಲಾದ ಸ್ಥಾನಕ್ಕೆ ವಿದ್ಯುತ್ ಇಂಡಕ್ಷನ್ ಕುಲುಮೆಗಳು ಬಂದವು. ಊರಿನ ಹೊಗೆ ಇಳಿಯಿತೆಂಬುದು ನಿಜ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ 1985ರಲ್ಲಿ ಆರಂಭವಾದ ಮೇಲೆ ರಾಜ್ಯದ ವಿದ್ಯುತ್ತಿನಲ್ಲಿಯೂ ಇದ್ದಲಿನ ಪಾಲು ಸೇರಿತು. ಕೋಕ್ ಝರಿಯಾದಲ್ಲಿ ಬಿಟ್ಟುಬಂದಿದ್ದ ಹೊಗೆಯಂತೆ, ಈ ಹೊಗೆಯೂ ಬೇರೊಂದು ಜಿಲ್ಲೆಗೆ ಸೇರಿತು.

ಇತ್ತ ಈಶಾನ್ಯದಲ್ಲಿ ಮಹಾಂತೇಶ ನಗರದಂತಹ ವಸತಿ ಬಡಾವಣೆಗಳು ಆಟೋನಗರದ ಕೈಗಾರಿಕಾ ಪ್ರದೇಶದ ನೆರೆಯಲ್ಲೇ ಬೆಳೆದವು. 2019ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಸೇರಿದವು, ಬೆಳಗಾವಿ ಸೇರಲಿಲ್ಲ. ಅಲ್ಲಿ ಗಣನೆಗೆ ಬರುವುದು ಊರಿನ ಬಯಲು ಗಾಳಿಯ ವಾರ್ಷಿಕ ಸರಾಸರಿ. ಕುಲುಮೆಯ ಬಾಯಿಗೆ ಕೋಕ್ ಸುರಿಯುವವನೂ ಎರಕದ ಅಚ್ಚನ್ನು ಒಡೆದು ಮರಳು ಕೊಡಹುವವನೂ ಉಸಿರಾಡುವ ಗಾಳಿ ಆ ಸರಾಸರಿಯಲ್ಲಿಲ್ಲ.