ಬಣ್ಣ ಬಂತು, ಹರಳು ಬರಲಿಲ್ಲ

ಒಂಬತ್ತನೆಯ ತರಗತಿಯಲ್ಲಿ ನಾನು ಮಾಡಿ ತೋರಿಸುತ್ತಿದ್ದ ಮೈಲುತುತ್ತದ ಪ್ರಯೋಗ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನೀಲಿ ಹರಳುಗಳನ್ನು ಪ್ರನಾಳದಲ್ಲಿ ಕಾಯಿಸಿದರೆ ನೀರು ಆವಿಯಾಗಿ ಬಿಳಿಯ ಪುಡಿ ಉಳಿಯುತ್ತಿತ್ತು. ನಾಲ್ಕು ಹನಿ ನೀರು ಬಿಟ್ಟೊಡನೆ ಮತ್ತೆ ನೀಲಿ. "ನೋಡಿದಿರಾ, ಹೋದದ್ದು ಮರಳಿ ಬಂತು" ಎಂದು ಪಾಠ ಮುಗಿಸುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಬಣ್ಣ ಬಂತು, ಹರಳು ಬರಲಿಲ್ಲವಲ್ಲ?" ಎಂದ. "ಅಧಿಕಪ್ರಸಂಗ ಬೇಡ, ಕೂತುಕೋ" ಎಂದು ಗದರಿಸಿಬಿಟ್ಟೆ. ನಿವೃತ್ತನಾದ ಮೇಲೆ ಪ್ರೋಟೀನು ಹರಳುಗಳ ಇತಿಹಾಸವನ್ನು ಓದುವಾಗ ಆ ಪ್ರಶ್ನೆಯ ಬೆಲೆ ತಿಳಿಯಿತು.

ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಅವುಗಳಿಂದ ಒಳಗಿನ ಪರಮಾಣುಗಳ ಜೋಡಣೆಯನ್ನು ಲೆಕ್ಕ ಹಾಕಬಹುದು. ಅಡಿಗೆ ಉಪ್ಪಿನ ರಚನೆ ಹೀಗೆ 1913ರಲ್ಲೇ ತಿಳಿದಿತ್ತು. ಪ್ರೋಟೀನಿನ ಹರಳುಗಳು ಮಾತ್ರ ಅಸ್ಪಷ್ಟ ಕಪ್ಪು ಮಸುಕನ್ನಷ್ಟೇ ಕೊಡುತ್ತಿದ್ದವು.

ಸ್ವೀಡನ್ನಿನ ಉಪ್ಸಾಲಾದಲ್ಲಿ ಜಾನ್ ಫಿಲ್ಪಾಟ್ ಎಂಬವರು ಜಠರದ ಪೆಪ್ಸಿನ್ ದ್ರಾವಣವನ್ನು ಶೀತಕದಲ್ಲಿಟ್ಟು ಹಿಮಜಾರಾಟಕ್ಕೆ ಹೋಗಿದ್ದರಂತೆ. ಮರಳಿದಾಗ ಅದರಲ್ಲಿ 2 ಮಿಲಿಮೀಟರ್‌ವರೆಗಿನ ಸುಂದರ ಹರಳುಗಳು ಬೆಳೆದಿದ್ದವು. ಅತಿಥಿಯಾಗಿ ಬಂದಿದ್ದ ಗ್ಲೆನ್ ಮಿಲಿಕನ್ ಅವುಗಳನ್ನು ದ್ರಾವಣಸಮೇತ ಕೋಟಿನ ಕಿಸೆಯಲ್ಲಿಟ್ಟುಕೊಂಡು ಕೇಂಬ್ರಿಜ್‌ಗೆ, ಜೆ. ಡಿ. ಬರ್ನಾಲ್ ಅವರ ಬಳಿಗೆ ತಂದರು.

ಬರ್ನಾಲ್ ಒಣಗಿದ ಹರಳಿನಿಂದ ಚಿತ್ರ ತೆಗೆದಾಗ ಅದೇ ಹಳೆಯ ಮಸುಕು. ದ್ರಾವಣದಲ್ಲಿದ್ದ ಹರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಳಪಿತ್ತು. ಗಾಳಿಗೆ ತೆರೆದೊಡನೆ ಆ ಹೊಳಪು ಕುಂದುತ್ತಿತ್ತು. ರಹಸ್ಯ ಅಲ್ಲಿತ್ತು. ಪ್ರೋಟೀನಿನ ಹರಳಿನಲ್ಲಿ ಸುಮಾರು ಅರ್ಧದಷ್ಟು ನೀರೇ. ಅದು ಹೋದರೆ ಅಣುಗಳ ಸಾಲು ಕುಸಿಯುತ್ತದೆ. ಅವರು ಹರಳನ್ನು ಅದು ಹುಟ್ಟಿದ ದ್ರಾವಣದೊಡನೆಯೇ ಕೂದಲೆಳೆಯಂಥ ಗಾಜಿನ ನಳಿಗೆಗೆ ಸೆಳೆದುಕೊಂಡು, ಗಾಳಿ ಸೋಕದಂತೆ ಚಿತ್ರ ತೆಗೆದರು. ಫಿಲ್ಮಿನ ತುಂಬ ಚುಕ್ಕೆಗಳು! ಅವರ ಶಿಷ್ಯೆ ಡೊರೊಥಿ ಕ್ರೋಫುಟ್ ಅಂದು ಕೈಗೀಲುಗಳ ನೋವಿಗೆ ವೈದ್ಯರನ್ನು ಕಾಣಲು ಲಂಡನ್ನಿಗೆ ಹೋಗಿದ್ದರು. 1934ರ ಮೇ ತಿಂಗಳಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮುಂದೆ ಡೊರೊಥಿ ಹಾಜ್‌ಕಿನ್ ಎಂದು ಜಗತ್ತು ಬಲ್ಲ ಆ ಮಹಿಳೆ, ಸೊಟ್ಟಗಾದ ಬೆರಳುಗಳಿಂದಲೇ ಸೂಕ್ಷ್ಮ ಹರಳುಗಳನ್ನು ನಿರ್ವಹಿಸಿ, 1964ರಲ್ಲಿ ನೊಬೆಲ್ ಪಡೆದರು. 1969ರಲ್ಲಿ ಅವರ ತಂಡ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಈ ವಿದ್ಯೆಯನ್ನು ಇಲ್ಲಿ ಬೇರೂರಿಸಿದರು.

ಇಂದು ಗಾಜಿನ ನಳಿಗೆಯ ಬದಲು ನೈಲಾನಿನ ಪುಟ್ಟ ಕುಣಿಕೆಯಿಂದ ಹರಳನ್ನು ದ್ರಾವಣದ ಹನಿಯೊಡನೆ ಎತ್ತುತ್ತಾರೆ. ಹಿಮಗಡ್ಡೆ ಕಟ್ಟಿ ಹರಳು ಒಡೆಯದಿರಲೆಂದು ಗ್ಲಿಸರಾಲಿನಂಥ ದ್ರವ್ಯವನ್ನು ಸೇರಿಸಿ, ಸುಮಾರು ಮೈನಸ್ 173 ಡಿಗ್ರಿ ಸೆಲ್ಸಿಯಸ್ ಚಳಿಯ ಸಾರಜನಕದ ಹರಿವಿನಲ್ಲಿ ಹಿಡಿಯುತ್ತಾರೆ. ಉಪಾಯ ಬದಲಾಯಿತು, ಹರಳನ್ನು ಒಣಗಗೊಡಬಾರದೆಂಬ ಎಚ್ಚರಿಕೆ ಬದಲಾಗಲಿಲ್ಲ.

ಆ ಹುಡುಗನ ಹೆಸರು ನನಗೆ ಮರೆತಿದೆ, ಗದರಿಸಿದ್ದು ಮರೆತಿಲ್ಲ. ಇದನ್ನು ಓದುತ್ತಿದ್ದರೆ, ಮಗೂ, ನೀನು ಕೇಳಿದ್ದೇ ಸರಿಯಾದ ಪ್ರಶ್ನೆ. ಉತ್ತರ ಕೊಡಲು ನಿನ್ನ ಮೇಷ್ಟ್ರಿಗೆ ಇಷ್ಟು ವರ್ಷ ಹಿಡಿಯಿತು.